ಶುಶ್ರೂಷೆಯ ವಿದ್ಯೆ: ಡಿಪ್ಲೊಮಾದಿಂದ ಪದವಿಗೆ



ಕಳೆದ ತಿಂಗಳು ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ನಮಗೊಂದು ಪತ್ರ ಬಂದಿತು. ಬರೆದವರು ಒಬ್ಬ ತಾಯಿ. ನೋಟುಪುಸ್ತಕದ ಹಾಳೆಯ ಎರಡೂ ಮಗ್ಗುಲು ತುಂಬಿದ್ದ ಆ ಪತ್ರವನ್ನು ನಾವು ಎರಡು ಸಲ ಓದಿದೆವು. ಹೆಸರು, ಊರು ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿರುವುದರಿಂದ ವಿಷಯವನ್ನು ಮಾತ್ರ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಆ ತಾಯಿಯ ಹಿರಿಯ ಮಗಳು ದ್ವಿತೀಯ ಪಿ.ಯು.ಸಿ.ಯನ್ನು ಕಲಾ ವಿಭಾಗದಲ್ಲಿ ಪಾಸು ಮಾಡಿದ್ದಾಳೆ. ಅಜ್ಜಿಗೆ ಕಾಯಿಲೆಯಾದಾಗ ಹದಿನೈದು ದಿನ ಆಸ್ಪತ್ರೆಯಲ್ಲಿ ಜೊತೆಗಿದ್ದವಳು, ಹಿಂದಿರುಗಿದ ಮೇಲೆ ತಾನು ನರ್ಸ್ ಆಗುವೆನೆಂದು ಹಟ ಹಿಡಿದಿದ್ದಾಳೆ. ತಂದೆಗೆ ಅಷ್ಟಾಗಿ ಮನಸ್ಸಿರಲಿಲ್ಲ. ಆದರೂ ಮಗಳ ಮುಖ ನೋಡಿ ಒಪ್ಪಿದ್ದಾರೆ. ಇಷ್ಟರಲ್ಲಿ ಪೇಟೆಯ ಮಧ್ಯವರ್ತಿಯೊಬ್ಬನು, ‘ಡಿಪ್ಲೊಮಾ ಮಾಡಿದರೆ ಬೆಲೆಯಿಲ್ಲ, ಹೊರರಾಜ್ಯದಲ್ಲಿ ನೇರವಾಗಿ ಬಿ.ಎಸ್‌ಸಿ. ನರ್ಸಿಂಗ್ ಸೀಟು ಕೊಡಿಸುತ್ತೇನೆ, ಪರೀಕ್ಷೆಗೆ ಮಾತ್ರ ಹೋದರೆ ಸಾಕು’ ಎಂದು ಹೇಳಿ ಎರಡು ಲಕ್ಷ ರೂಪಾಯಿ ಮುಂಗಡ ಕೇಳಿದ್ದಾನೆ. ಇರುವ ಮೂರೆಕರೆಯಲ್ಲಿ ಒಂದೆಕರೆಯನ್ನು ಒತ್ತೆಯಿಡುವ ಮಾತು ಮನೆಯಲ್ಲಿ ನಡೆದಿದೆ. ಪತ್ರದ ಕೊನೆಯಲ್ಲಿ ಆ ತಾಯಿ ಬರೆದಿರುವುದಿಷ್ಟು: ‘ಅಣ್ಣಾವರ, ನಮಗ ಓದಿದವರು ಯಾರೂ ಇಲ್ಲ. ನೀವು ಹೇಳಿದಂಗ ಮಾಡತೀವಿ.’

ಈ ಒಂದು ಮಾತು ನಮ್ಮನ್ನು ಹೆದರಿಸಿತು. ಒಂದು ಕುಟುಂಬದ ಹೊಲ ಮತ್ತು ಒಬ್ಬ ಹೆಣ್ಣುಮಗಳ ಬಾಳು ನಮ್ಮ ಉತ್ತರವನ್ನು ಕಾದಿವೆ ಎಂದಾಗ ತಿಳಿದಷ್ಟನ್ನು ತಪ್ಪಿಲ್ಲದೆ ಹೇಳಬೇಕಾಗುತ್ತದೆ. ಆದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಇಂಥ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದೆಂಬುದು ನಮ್ಮ ನಂಬಿಕೆ.

ಮೊದಲ ಉತ್ತರ: ಆ ಹಣವನ್ನು ಕೊಡಬೇಡಿರಿ. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಪದವಿಗೆ ಸೇರಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಇಂಗ್ಲಿಷಿನೊಡನೆ ಓದಿರಬೇಕು. ಸಾಮಾನ್ಯ ವರ್ಗದವರಿಗೆ ಒಟ್ಟು ಶೇಕಡಾ 45 ಅಂಕಗಳಿರಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟುಗಳ ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಕಲಾ ವಿಭಾಗದಲ್ಲಿ ಓದಿದ ಹುಡುಗಿಗೆ ಆ ಬಾಗಿಲು ತೆರೆದಿಲ್ಲ. ಇಲ್ಲದ ಬಾಗಿಲನ್ನು ತೆರೆಸುವೆನೆಂದು ಹಣ ಕೇಳುವವನ ಮಾತಿನಲ್ಲಿ ಸತ್ಯವಿರಲಾರದು. ಇನ್ನು, ಹಾಜರಾತಿಯೇ ಇಲ್ಲದೆ ಪರೀಕ್ಷೆ ಬರೆದು ಶುಶ್ರೂಷಕಿಯಾಗುವ ಮಾತು. ಬಾವಿಗಿಳಿಯದೆ ಈಜು ಕಲಿತವರುಂಟೆ? ರೋಗಿಯ ಮಗ್ಗುಲಲ್ಲಿ ನಿಲ್ಲದೆ ಕಲಿತ ಶುಶ್ರೂಷೆಯಿಂದ ಮೊದಲು ಕೆಡುವುದು ರೋಗಿಯ ಜೀವ, ಆಮೇಲೆ ಕಲಿತವಳ ಬಾಳು.

ಹಾಗಾದರೆ ಆ ಮಗಳು ಆಸೆ ಬಿಡಬೇಕೆ? ಬಿಡಬೇಕಾಗಿಲ್ಲ. ಅವಳಿಗೆ ಬೇರೊಂದು ದಾರಿಯಿದೆ. ಅದು ಹಳೆಯದು, ನೇರವಾದದ್ದು, ಕಾನೂನಿನ ಒಳಗಿನದು. ಮೊದಲು ವೃತ್ತಿಯ ಡಿಪ್ಲೊಮಾ, ಅನಂತರ ವಿಶ್ವವಿದ್ಯಾಲಯದ ಪದವಿ. ಎರಡನ್ನೂ ಒಂದರ ಮೇಲೊಂದು ಕೂಡಿಸಿಕೊಳ್ಳುವ ದಾರಿ ಇದು.

ಮೊದಲ ಮೆಟ್ಟಿಲಿಗೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಅಂದರೆ ಜಿ.ಎನ್.ಎಂ. ಎಂದು ಹೆಸರು. ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿತನ ಎರಡನ್ನೂ ಕಲಿಸುವ ಮೂರು ವರ್ಷಗಳ ಡಿಪ್ಲೊಮಾ ಇದು. ಪಿ.ಯು.ಸಿ.ಯಲ್ಲಿ ಯಾವ ವಿಭಾಗವನ್ನು ಓದಿದವರಾದರೂ ಇಂಗ್ಲಿಷ್ ವಿಷಯವಿದ್ದು ಶೇಕಡಾ 40 ಅಂಕಗಳಿದ್ದರೆ ಅರ್ಜಿ ಹಾಕಬಹುದು. ವಿಜ್ಞಾನ ಓದಿದವರಿಗೆ ಆದ್ಯತೆಯುಂಟು, ಆದರೆ ಕಲಾ ವಿಭಾಗದವರಿಗೆ ಅಡ್ಡಿಯಿಲ್ಲ. ವಯಸ್ಸು ಹದಿನೇಳು ತುಂಬಿರಬೇಕು. ಶರೀರರಚನೆ, ಸೂಕ್ಷ್ಮಜೀವಿಗಳು, ಮನಶ್ಶಾಸ್ತ್ರ, ಪ್ರಥಮ ಚಿಕಿತ್ಸೆ, ಪೌಷ್ಟಿಕ ಆಹಾರ ಇವೆಲ್ಲ ಮೊದಲ ವರ್ಷದ ಪಾಠಗಳು. ಎರಡನೆಯ ವರ್ಷದಲ್ಲಿ ಔಷಧ ಮತ್ತು ಶಸ್ತ್ರಚಿಕಿತ್ಸೆಯ ರೋಗಿಗಳ ಆರೈಕೆ, ಮಕ್ಕಳ ಆರೈಕೆ, ಮಾನಸಿಕ ರೋಗಿಗಳ ಆರೈಕೆ. ಮೂರನೆಯ ವರ್ಷದಲ್ಲಿ ಬಸಿರು-ಬಾಣಂತನ ಮತ್ತು ಹಳ್ಳಿಯ ಆರೋಗ್ಯ. ಪುಸ್ತಕದಷ್ಟೇ, ಅದಕ್ಕಿಂತ ಹೆಚ್ಚಾಗಿ, ವಾರ್ಡಿನಲ್ಲಿ ನಿಂತು ಕಲಿಯುವ ವಿದ್ಯೆ ಇದು. ನಮ್ಮ ರಾಜ್ಯದಲ್ಲಿ ಇದರ ಪರೀಕ್ಷೆಗಳನ್ನು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯು ನಡೆಸುತ್ತದೆ. ಪಾಸಾದ ಮೇಲೆ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆ ನೋಂದಣಿಯ ಸಂಖ್ಯೆ ದೊರೆತ ದಿನವೇ ಅವಳು ಕಾನೂನಿನ ಕಣ್ಣಿನಲ್ಲಿ ನರ್ಸ್. ಅಂದಿನಿಂದಲೇ ದುಡಿದು ಸಂಬಳ ತರಬಲ್ಲಳು.

ಎರಡನೆಯ ಮೆಟ್ಟಿಲು ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ನರ್ಸಿಂಗ್. ಜಿ.ಎನ್.ಎಂ. ಮುಗಿಸಿ ನೋಂದಣಿ ಪಡೆದವರಿಗೆಂದೇ ಏರ್ಪಟ್ಟ ಎರಡು ವರ್ಷಗಳ ಪದವಿ ಇದು. ಕರ್ನಾಟಕದಲ್ಲಿ ಬಹುತೇಕ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇಲ್ಲಿ ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಸಮಾಜಶಾಸ್ತ್ರಗಳನ್ನು ಇನ್ನಷ್ಟು ಆಳವಾಗಿ ಕಲಿಸುವುದರೊಡನೆ ಶುಶ್ರೂಷೆಯನ್ನು ಬೋಧಿಸುವ ಬಗೆ, ವಾರ್ಡಿನ ಆಡಳಿತ, ಸಂಶೋಧನೆ ಮತ್ತು ಅಂಕಿಸಂಖ್ಯೆಗಳ ಪರಿಚಯವನ್ನೂ ಮಾಡಿಕೊಡುತ್ತಾರೆ. ಡಿಪ್ಲೊಮಾದಲ್ಲಿ ‘ಹೀಗೆ ಮಾಡು’ ಎಂದು ಕಲಿತದ್ದನ್ನು ‘ಏಕೆ ಹೀಗೆ ಮಾಡಬೇಕು’ ಎಂದು ಇಲ್ಲಿ ಕಲಿಯುತ್ತಾರೆಂದು ಈ ದಾರಿಯಲ್ಲಿ ನಡೆದ ಸೋದರಿಯೊಬ್ಬರು ನಮಗೆ ಹೇಳಿದ್ದುಂಟು.

ಲೆಕ್ಕ ಸರಳವಾಗಿದೆ. ನೇರ ಪದವಿಗೆ ನಾಲ್ಕು ವರ್ಷ; ಈ ದಾರಿಗೆ ಮೂರು ಮತ್ತು ಎರಡು ಸೇರಿ ಐದು ವರ್ಷ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ನಡುವೆ ನಿಲ್ಲಲು ಜಗಲಿಯೊಂದು ಸಿಗುತ್ತದೆ. ಮೂರು ವರ್ಷಕ್ಕೆ ಕೈಗೆ ಉದ್ಯೋಗ ಬಂದು, ಒಂದೆರಡು ವರ್ಷ ದುಡಿದು, ತಮ್ಮನ ಓದಿಗಷ್ಟು, ಮುಂದಿನ ತನ್ನ ಓದಿಗಷ್ಟು ಕೂಡಿಸಿಕೊಂಡು ಮೇಲಿನ ಮೆಟ್ಟಿಲಿಗೆ ಕಾಲಿಡಬಹುದು. ಬಡ ಮನೆಯ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಗಂಡುಮಕ್ಕಳಿಗೂ ಈ ವಿದ್ಯೆ ತೆರೆದಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

‘ಡಿಪ್ಲೊಮಾಕ್ಕೆ ಬೆಲೆಯಿಲ್ಲ’ ಎಂದು ಆ ಮಧ್ಯವರ್ತಿ ಹೇಳಿದ್ದು ಸುಳ್ಳು. ಆದರೆ ‘ಪದವಿ ಏತಕ್ಕೆ’ ಎಂದು ಕೇಳುವುದೂ ಸರಿಯಲ್ಲ. ಒಂದು ಉದಾಹರಣೆ ಕೊಡುತ್ತೇವೆ. ದೇಶದ ಏಮ್ಸ್ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ಪರೀಕ್ಷೆಗೆ ಬಿ.ಎಸ್‌ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಪದವೀಧರರು ನೋಂದಣಿಯೊಂದಿಗೆ ಕೂಡಬಹುದು. ಜಿ.ಎನ್.ಎಂ. ಆದವರೂ ಕೂಡಬಹುದು, ಆದರೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ಬೇಕು. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಆ ಹುದ್ದೆಯ ಆರಂಭದ ಮೂಲವೇತನ 44,900 ರೂಪಾಯಿ. ಅಂದರೆ ಡಿಪ್ಲೊಮಾದ ಬಾಗಿಲೂ ಮುಚ್ಚಿಲ್ಲ, ಪದವಿಯ ಬಾಗಿಲು ಇನ್ನಷ್ಟು ಅಗಲವಾಗಿದೆ. ಎಂ.ಎಸ್‌ಸಿ. ನರ್ಸಿಂಗ್ ಓದಬೇಕೆಂದರೆ ಮಾತ್ರ ಪದವಿ ಇರಲೇಬೇಕು. ಅದರಲ್ಲಿ ಶೇಕಡಾ 55 ಅಂಕಗಳೂ ಒಂದು ವರ್ಷದ ಅನುಭವವೂ ಬೇಕು. ಶುಶ್ರೂಷಾ ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ, ದೊಡ್ಡ ಆಸ್ಪತ್ರೆಯ ಮೇಲ್ವಿಚಾರಣೆಗೆ ಏರುವುದಕ್ಕೆ ಪದವಿಯೇ ಏಣಿ.

ಆದರೆ ಖಾಸಗಿ ಆಸ್ಪತ್ರೆಗಳ ಸಂಬಳ ಇದರಂತಿಲ್ಲ. ಚಿಕ್ಕ ಊರುಗಳ ನರ್ಸಿಂಗ್ ಹೋಮುಗಳಲ್ಲಿ ಹೊಸದಾಗಿ ಸೇರಿದವರಿಗೆ ದೊರೆಯುವುದು ಬಹಳ ಕಡಿಮೆ, ರಾತ್ರಿಪಾಳಿ ತಪ್ಪಿದ್ದಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳುಹಿಸಬಾರದು. ತಿಳಿದು ಹೋದವಳು ನಿಲ್ಲುತ್ತಾಳೆ. ತಿಳಿಯದೆ ಹೋದವಳು ಆರು ತಿಂಗಳಿಗೆ ಅಳುತ್ತ ಬರುತ್ತಾಳೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತೊಂದನ್ನು ಹೇಳದಿದ್ದರೆ ಆತ್ಮವಂಚನೆಯಾದೀತು. ಆ ತಾಯಿ ತನ್ನ ಯಜಮಾನರಿಗೆ ‘ಅಷ್ಟಾಗಿ ಮನಸ್ಸಿರಲಿಲ್ಲ’ ಎಂದು ಬರೆದಿದ್ದಾರಲ್ಲವೆ? ಆ ಮನಸ್ಸಿಲ್ಲದಿರುವಿಕೆ ನಮಗೆ ಹೊಸದಲ್ಲ.

1986ರಲ್ಲಿ ನಮ್ಮ ತಂಗಿ ಶುಶ್ರೂಷಾ ಶಾಲೆಗೆ ಸೇರುವೆನೆಂದು ಕೇಳಿದಳು. ತಂದೆಯವರು ಸುಮ್ಮನಿದ್ದರು. ಬೇಡವೆಂದವರು ನಾವು. ‘ಮಂದೀ ಹೇಲು-ಉಚ್ಚಿ ಬಳಿಯೋ ಕೆಲಸ ನಮ್ಮ ಮನೆತನಕ್ಕ ಬ್ಯಾಡ, ರಾತ್ರಿ ಹೊರಗ ಇರೋದು ಬ್ಯಾಡ’ ಎಂದು ಹೇಳಿದ್ದು ಈ ಬಾಯಿಯೇ. ತಂಗಿ ಮರುಮಾತಾಡಲಿಲ್ಲ. ಎರಡು ವರ್ಷದಲ್ಲಿ ಅವಳ ಮದುವೆಯಾಯಿತು.

1998ರಲ್ಲಿ ನಮ್ಮ ತಾಯಿಯವರಿಗೆ ಲಕ್ವ ಹೊಡೆಯಿತು. ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದರು. ಮೊದಲ ತಿಂಗಳಿನಲ್ಲಿಯೇ ಬೆನ್ನ ಕೆಳಗೆ ಹುಣ್ಣಾಯಿತು. ನಮಗಾರಿಗೂ ಏನು ಮಾಡಬೇಕೆಂಬುದು ತಿಳಿಯಲಿಲ್ಲ. ಊರ ಆಸ್ಪತ್ರೆಯ ನರ್ಸ್ ಒಬ್ಬರು, ಜಿ.ಎನ್.ಎಂ. ಓದಿದ ಒಕ್ಕಲುತನದ ಮನೆಯ ಹೆಣ್ಣುಮಗಳು, ತಮ್ಮ ಪಾಳಿ ಮುಗಿದ ಮೇಲೆ ನಿತ್ಯವೂ ಬಂದು ಹೋಗುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಹೇಳಿ, ಹಾಸಿಗೆ ಸುಕ್ಕಾಗದಂತೆ ಹಾಸುವುದನ್ನು ತೋರಿಸಿ, ಹುಣ್ಣನ್ನು ತೊಳೆದು ಕಟ್ಟುತ್ತಿದ್ದರು. ಮಲಮೂತ್ರಗಳನ್ನು ತೆಗೆಯುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ‘ಅವ್ವಾರ, ಸ್ವಲ್ಪ ತಡಕೋರಿ, ಆತು’ ಎಂದು ನಮ್ಮ ತಾಯಿಯೊಡನೆ ಮಾತಾಡುತ್ತಲೇ ಕೆಲಸ ಮುಗಿಸುತ್ತಿದ್ದರು. ಎರಡು ತಿಂಗಳಿನಲ್ಲಿ ಹುಣ್ಣು ಮಾಯಿತು.

ಒಂದು ದಿನ ತವರಿಗೆ ಬಂದಿದ್ದ ತಂಗಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ನರ್ಸ್ ಹೊರಟುಹೋದ ಮೇಲೆ, ‘ಅಣ್ಣಾ, ನೀ ನನಗ ಬ್ಯಾಡಂದದ್ದು ಇದನ್ನ’ ಎಂದಳು. ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಅಂದಿನಿಂದ ಇಂದಿನವರೆಗೆ ಆ ಮಾತಿಗೆ ಉತ್ತರ ನಮ್ಮಲ್ಲಿಲ್ಲ. ದುಡಿಮೆಯಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುತ್ತಿದ್ದವರು ನಾವು. ಮನೆಯಲ್ಲಿ ತಂಗಿಯೊಬ್ಬಳು ಕೇಳಿದಾಗ ಕಾಯಕದಲ್ಲಿ ಹೊಲಸನ್ನು ಕಂಡವರೂ ನಾವೇ.

ಆ ನರ್ಸ್ ಸೋದರಿಯ ಮುಂದಿನ ಕಥೆಯೇ ನಾವು ಮೇಲೆ ಹೇಳಿದ ದಾರಿ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ, 34ನೆಯ ವಯಸ್ಸಿನಲ್ಲಿ, ಅವರು ಪೋಸ್ಟ್ ಬೇಸಿಕ್ ಪದವಿಗೆ ಸೇರಿದರು. ಎರಡು ವರ್ಷ ಪೂರ್ಣಾವಧಿಯ ಓದು, ಸಂಬಳ ನಿಂತಿತು. ಅತ್ತೆಯವರು ಮಕ್ಕಳನ್ನು ನೋಡಿಕೊಂಡರು, ಯಜಮಾನರು ಬೆಳಗಿನ ಅಡಿಗೆ ಕಲಿತರು. ತಮಗಿಂತ ಹತ್ತು ವರ್ಷ ಚಿಕ್ಕವರೊಡನೆ ಬೆಂಚಿನ ಮೇಲೆ ಕುಳಿತು, ಮರೆತುಹೋಗಿದ್ದ ಇಂಗ್ಲಿಷನ್ನು ತಿದ್ದಿಕೊಂಡರು. ಪದವಿ ಪಡೆದ ಮೇಲೆ ಕಾಲೇಜೊಂದರಲ್ಲಿ ಬೋಧಕಿಯಾದರು. ‘ಹಾಸಿಗೆ ಹುಣ್ಣಿನ ಪಾಠ ಬಂದಾಗೆಲ್ಲ ನಿಮ್ಮ ಅವ್ವಾರ ನೆನಪಾಗತಾರ’ ಎಂದು ಅವರೊಮ್ಮೆ ಹೇಳಿದರು. ನಮ್ಮ ತಾಯಿಯ ನೋವು ಇನ್ನಾರದೋ ತಾಯಿಯ ನೋವನ್ನು ತಪ್ಪಿಸುವ ಪಾಠವಾಯಿತೆಂಬುದು ನಮಗೊಂದು ಸಮಾಧಾನ.

ಶುಶ್ರೂಷೆಯನ್ನು ಕೀಳೆಂದು ಬಗೆದವರು ನಾವೊಬ್ಬರೇ ಅಲ್ಲ. ಇಂಗ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಮರ್ಯಾದಸ್ಥರ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೋಗುತ್ತಿರಲಿಲ್ಲ. ಸಿರಿವಂತ ಮನೆಯ ಫ್ಲಾರೆನ್ಸ್ ನೈಟಿಂಗೇಲ್ ತಾಯಿ ಮತ್ತು ಅಕ್ಕನ ವಿರೋಧವನ್ನು ಎದುರಿಸಿಯೇ ಈ ದಾರಿ ಹಿಡಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು. ನಮ್ಮ ದೇಶದಲ್ಲಿ ಶುಶ್ರೂಷೆಗೆ ವಿಶ್ವವಿದ್ಯಾಲಯದ ಪದವಿ ಬಂದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ. ಮರುವರ್ಷ, 1947ರಲ್ಲಿ, ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆ ಬಂದಿತು. ಇನ್ನು ನಮ್ಮ ನಾಡಿನದೇ ಮಾತು ಹೇಳುವುದಾದರೆ, ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತದೆಯೇ ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂಥ ಕೈಗಳಿಗೆ ವಿದ್ಯೆಯೂ ಕೂಡಿದರೆ ಎಷ್ಟು ಜೀವಗಳು ಉಳಿದಾವು! 2020ನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಅದೇ ವರ್ಷ ಕೊರೋನಾ ಬಂದು, ಬಂಧುಗಳೇ ಹತ್ತಿರ ಹೋಗಲಾರದ ರೋಗಿಯ ಬಳಿ ಯಾರು ನಿಂತರೆಂಬುದನ್ನು ನಾವೆಲ್ಲ ಕಣ್ಣಾರೆ ಕಂಡೆವು.

ಈಗ ಆ ತಾಯಿಗೆ, ಮತ್ತು ಅವರಂತೆ ಯೋಚಿಸುತ್ತಿರುವ ಎಲ್ಲರಿಗೆ, ಕೆಲವು ಎಚ್ಚರಿಕೆಯ ಮಾತುಗಳು.

ಒಂದು: ಹಣ ಕಟ್ಟುವ ಮುನ್ನ ಕಾಲೇಜನ್ನು ಕಣ್ಣಿನಿಂದ ನೋಡಿರಿ. ಅದಕ್ಕೆ ಸ್ವಂತದ್ದೋ, ಒಪ್ಪಂದದ್ದೋ ಆಸ್ಪತ್ರೆಯೊಂದು ಇದೆಯೇ, ಅಲ್ಲಿ ರೋಗಿಗಳಿದ್ದಾರೆಯೇ ಎಂದು ನೋಡಿರಿ. ಗೋಡೆಯ ಮೇಲಿನ ಬಣ್ಣಕ್ಕಿಂತ ವಾರ್ಡಿನ ಹಾಸಿಗೆಗಳು ಮುಖ್ಯ.

ಎರಡು: ಪರೀಕ್ಷಾ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ, ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಹೆಸರು, ಈ ಮೂರನ್ನೂ ಈ ವರ್ಷದ ಮಟ್ಟಿಗೆ ವಿಚಾರಿಸಿರಿ. ಹಳೆಯ ಕಾಗದವನ್ನು ತೋರಿಸಿದರೆ ಒಪ್ಪಬೇಡಿರಿ. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸೇರುವ ವರ್ಷದ ಪ್ರಕಟಣೆಯನ್ನೇ ನಂಬಬೇಕು.

ಮೂರು: ಮೂಲ ಅಂಕಪಟ್ಟಿಗಳನ್ನು ಯಾವ ಮಧ್ಯವರ್ತಿಯ ಕೈಗೂ ಕೊಡಬೇಡಿರಿ. ಕಟ್ಟಿದ ಪ್ರತಿಯೊಂದು ರೂಪಾಯಿಗೂ ಕಾಲೇಜಿನ ರಸೀದಿ ಪಡೆಯಿರಿ. ಮೂರು ವರ್ಷದ ಒಟ್ಟು ಶುಲ್ಕ, ವಸತಿನಿಲಯದ ಖರ್ಚು, ಪರೀಕ್ಷಾ ಶುಲ್ಕ ಎಲ್ಲವನ್ನೂ ಮೊದಲೇ ಬರೆಯಿಸಿಕೊಳ್ಳಿರಿ.

ನಾಲ್ಕು: ಹೊಲ ಒತ್ತೆಯಿಡುವ ಮುನ್ನ ಸರ್ಕಾರಿ ಶುಶ್ರೂಷಾ ಶಾಲೆಗಳಿಗೆ ಅರ್ಜಿ ಹಾಕಿರಿ, ಅಲ್ಲಿ ಶುಲ್ಕ ಕಡಿಮೆ. ಸರ್ಕಾರದ ವಿದ್ಯಾರ್ಥಿವೇತನವನ್ನೂ ಬ್ಯಾಂಕಿನ ಶಿಕ್ಷಣ ಸಾಲವನ್ನೂ ವಿಚಾರಿಸಿರಿ. 2020ರಲ್ಲಿ ಸ್ಥಾಪನೆಯಾದ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿ ಶೈಕ್ಷಣಿಕ ಸಾಲದ ಯೋಜನೆಯುಂಟು. ಯಾವ ಕೋರ್ಸಿಗೆ, ಎಷ್ಟು ಎಂಬುದನ್ನು ಜಿಲ್ಲಾ ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ, 1954ರಲ್ಲಿ ಆರಂಭವಾದ ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠದಂಥ ನಮ್ಮ ಹಿರಿಯರು ಕಟ್ಟಿದ ಸಂಸ್ಥೆಗಳೂ ಶುಶ್ರೂಷಾ ಕಾಲೇಜುಗಳನ್ನು ನಡೆಸುತ್ತಿವೆ.

ಐದು: ಪರದೇಶದ ಸಂಬಳದ ಕನಸನ್ನು ಮುಂದೆ ಮಾಡಿ ಮಗಳನ್ನು ಓದಿಗೆ ಕಳುಹಿಸಬೇಡಿರಿ. ಹೋಗುವವರು ಹೋಗಲಿ, ಆದರೆ ಆಯಾ ದೇಶದ ಭಾಷಾ ಪರೀಕ್ಷೆ, ನೋಂದಣಿ ಪರೀಕ್ಷೆಗಳನ್ನು ದಾಟಬೇಕೆಂಬುದು, ಕಳುಹಿಸುವ ಸಂಸ್ಥೆಯು ಕೇಂದ್ರದ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕೆಂಬುದು ನೆನಪಿನಲ್ಲಿರಲಿ.

ಕೊನೆಯದಾಗಿ, ಸೊಸೆಯನ್ನು ತಂದುಕೊಳ್ಳುವ ಹಿರಿಯರಲ್ಲಿ ಒಂದು ವಿನಂತಿ. ಈ ದಾರಿ ಅನೇಕರಿಗೆ ತಪ್ಪಿಹೋಗುವುದು ಎರಡು ಮೆಟ್ಟಿಲುಗಳ ನಡುವೆ. ಡಿಪ್ಲೊಮಾ ಮುಗಿಯುವ ಹೊತ್ತಿಗೆ ಮದುವೆ. ಮದುವೆಯಾದ ಮೇಲೆ ‘ಇನ್ನು ಓದು ಏಕೆ’ ಎಂಬ ಪ್ರಶ್ನೆ. ನರ್ಸ್ ಓದಿದ ಹುಡುಗಿ ಸಂಬಳ ತರಲಿ, ರಾತ್ರಿಪಾಳಿಗೆ ಮಾತ್ರ ಹೋಗದಿರಲಿ ಎಂದರೆ ಅದು ನ್ಯಾಯವಲ್ಲ. ಎರಡು ವರ್ಷ ಅವಳ ಸಂಬಳವಿಲ್ಲದೆ ಸಂಸಾರ ತೂಗಿಸುವುದು ಕಷ್ಟವೇ. ಆದರೆ ಆ ಎರಡು ವರ್ಷ ಮನೆಯವರೆಲ್ಲ ಹೆಗಲು ಕೊಟ್ಟರೆ ಮುಂದಿನ ಇಪ್ಪತ್ತೈದು ವರ್ಷ ಆ ಮನೆ ಅದರ ಫಲವನ್ನು ಉಣ್ಣುತ್ತದೆ.

ಪತ್ರ ಬರೆದ ತಂಗಿಗೆ ನಮ್ಮ ಮಾತು ಇಷ್ಟು. ಹೊಲ ಹಾಗೆಯೇ ಇರಲಿ. ಮಗಳನ್ನೊಮ್ಮೆ ಕೂರಿಸಿಕೊಂಡು ಐದು ವರ್ಷದ ಲೆಕ್ಕವನ್ನೂ ವಾರ್ಡಿನ ಕಷ್ಟವನ್ನೂ ವಿವರಿಸಿ ಹೇಳಿರಿ. ಆಮೇಲೂ ಅವಳ ಹಟ ಬಿಡದಿದ್ದರೆ, ಅದನ್ನು ಹಟವೆನ್ನದೆ ಒಲವೆಂದು ತಿಳಿದು ಜಿ.ಎನ್.ಎಂ.ಗೆ ಅರ್ಜಿ ಹಾಕಿಸಿರಿ. ಯಜಮಾನರ ಮನಸ್ಸು ಇನ್ನೂ ಹಿಂದೆಮುಂದೆ ನೋಡುತ್ತಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿರಿ. ನಾವು ನಮ್ಮ ತಂಗಿಗೆ ಹೇಳಿದ ಮಾತನ್ನು ಅವರು ತಮ್ಮ ಮಗಳಿಗೆ ಹೇಳದಿರಲಿ ಎಂಬುದೊಂದೇ ನಮ್ಮ ಪ್ರಾರ್ಥನೆ.

ಅಂಕಣವನ್ನು ಬರೆದು ಮುಗಿಸುವ ಮುನ್ನ ತಂಗಿಗೆ ಓದಿ ತೋರಿಸಿದೆವು. ‘ನನ್ನ ಮಾತು ಯಾಕ ಹಾಕಿದಿ ಅಣ್ಣಾ’ ಎಂದು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, ‘ಇರಲಿ ಬಿಡು, ಆ ಹುಡುಗಿಗೆ ಉಪಯೋಗ ಆಗ್ತದ’ ಎಂದಳು. ಅವಳ ಅಪ್ಪಣೆ ಪಡೆದೇ ಪ್ರಕಟಿಸಿದ್ದೇವೆ.